ಮೂರು ವರ್ಷದ ಗುಳಿಗೆ

"ಕೈ ನಡಗೋದು ಬ್ಯಾನಿ ಗುಣಾರೀ. ಗುಳಿಗಿ ಮಾತ್ರ ಬಿಡಬ್ಯಾಡ್ರಿ." ನರ್ಸ್ ರಮಾಬಾಯಿ ಮೂರು ವರ್ಷ ಇದೊಂದೇ ಮಾತು ಹೇಳುತ್ತ ಬಂದಿದ್ದಳು.

ಹೊಳೆದಂಡೆಯ ಅವಳ ದವಾಖಾನೆಗೆ ಮೆಣಸಗಿಯ ಮೈಮುನಬಿ ತಿಂಗಳಿಗೊಮ್ಮೆ ಮಗಳು ಬದರುನ್ನಿಸಾಳನ್ನು ಕರೆತರುತ್ತಿದ್ದಳು. ಕಿವಿಯಲ್ಲಿ ಯಾರೋ ಬೈಯುತ್ತಾರೆಂದು ಮಗಳು ಅನ್ನ ನೀರು ಬಿಟ್ಟಾಗ ಧಾರವಾಡದ ಡಾಕ್ಟರೊಬ್ಬರು ಗುಳಿಗೆ ಬರೆದು, ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದರು. ದನಿಗಳೇನೋ ನಿಂತವು, ಅಷ್ಟು ದೂರ ಮತ್ತೆ ಹೋಗುವುದಾಗಲಿಲ್ಲ. ರಮಾಬಾಯಿ ಹಳೆಯ ಚೀಟಿ ನೋಡಿ ಅದೇ ಗುಳಿಗೆ ಕೊಡುತ್ತ ಹೋದಳು. ಬದರುನ್ನಿಸಾಳ ಕೈ ನಡುಗತೊಡಗಿತು, ಬಾಯಿಂದ ಜೊಲ್ಲು ಇಳಿಯಿತು. ಕೌದಿ ಹೊಲಿಯುವುದರಲ್ಲಿ ನಾಲ್ಕೂರಿಗೆ ಹೆಸರಾದವಳಿಗೆ ಸೂಜಿಗೆ ದಾರ ಪೋಣಿಸುವುದೂ ಆಗದಾಯಿತು. ಗಂಡ ತವರಿಗೆ ತಂದು ಬಿಟ್ಟವನು ತಿರುಗಿ ನೋಡಲಿಲ್ಲ.

೨೦೦೭ರಲ್ಲಿ ರೋಣಕ್ಕೆ ತಿಂಗಳಿಗೊಂದು ದಿನ ಮನೋರೋಗದ ಡಾಕ್ಟರು ಬರತೊಡಗಿದರು. ರಮಾಬಾಯಿಯೇ ತಾಯಿ ಮಗಳನ್ನು ಕರೆದೊಯ್ದಳು. ಡಾಕ್ಟರು ಬದರುನ್ನಿಸಾಳ ಮೊಣಕೈ ಮಡಿಚಿ, ಬಿಡಿಸಿ ನೋಡಿದರು.

"ಇದು ರೋಗ ಅಲ್ಲ, ಔಷಧ ಹೆಚ್ಚಾಗೇತಿ. ಎಂದೋ ಕಮ್ಮಿ ಮಾಡಬೇಕಿತ್ತು. ಇಷ್ಟ ದಿನಾ ಯಾರ ಕಡೆ ತೋರಿಸೀರಿ?"

ರಮಾಬಾಯಿ ನಾನೇ ಎನ್ನದೆ ಕೈಯಲ್ಲಿನ ಹಳೆಯ ಚೀಟಿ ಮಡಿಚತೊಡಗಿದಳು.

"ಯಾರ ಕಡೀನೂ ಇಲ್ರಿ ಸಾಹೇಬ್ರ," ಎಂದಳು ಮೈಮುನಬಿ. "ನಮ್ಮದ ತಪ್ಪು."

ಆ ಮಾತು ರಮಾಬಾಯಿಗೆ ನಿದ್ದೆ ಕೊಡಲಿಲ್ಲ. ಐತವಾರ ಮೆಣಸಗಿಗೆ ಹೋಗಿ, ಮೈಮುನಬಿಯ ಪಡಸಾಲೆಯಲ್ಲಿ ಕೂತು ಹೇಳಿದಳು:

"ತಪ್ಪು ನಂದ್ರೀ ಅಮ್ಮಾ. ಕೈ ನಡಗೋದು ಕಣ್ಣಾರೆ ಕಂಡೂ ಯಾರನ್ನೂ ಕೇಳಲಿಲ್ಲ. ಅವತ್ತು ನನ್ನ ಮಾನ ಉಳಿಸಿದ್ರಿ."

"ಮಾನ ಉಳಸಾಕಲ್ರಿ ಬಾಯಾರ," ಮೈಮುನಬಿ ಮೆಲ್ಲಗೆ ಅಂದಳು. "ನಿಮ್ಮ ಹೆಸರ ಹೇಳಿದ್ರ ನಾಳಿ ಗುಳಿಗಿ ಕೊಡತೀರೋ ಇಲ್ಲೋ ಅಂತ ಅಂಜಿಕಿ ಬಂತು."

ರಮಾಬಾಯಿ ಕ್ಷಮೆಯ ಆಸೆ ಹೊತ್ತು ಬಂದಿದ್ದಳು. ತನಗೆ ಇವರು ಅಂಜುತ್ತಾರೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಮುಂದಿನ ತಿಂಗಳು ರೋಣದ ಡಾಕ್ಟರ ಎದುರು ನಿಂತು ಎಲ್ಲ ಹೇಳಿದಳು. ಅವರು ಬೈಯಲಿಲ್ಲ; ಹೀಗೆ ಹಳೆಯ ಚೀಟಿಯ ಮೇಲೆ ಗುಳಿಗೆ ನುಂಗುವವರು ಇನ್ನೆಷ್ಟು ಮಂದಿ ಇದ್ದಾರೆ ಎಂದು ಕೇಳಿದರು. ಹುಡುಕಿದರೆ ಹನ್ನೊಂದು ಮಂದಿ ಸಿಕ್ಕರು. ಅವರ ಮನೆಮನೆಗೆ ಹೋಗಿ, ಒಬ್ಬೊಬ್ಬರನ್ನೂ ಬಸ್ಸು ಹತ್ತಿಸಿ ರೋಣಕ್ಕೆ ಕರೆತಂದಳು.

ಔಷಧ ಇಳಿಸಿದ ಮೇಲೆ ಬದರುನ್ನಿಸಾಳ ಕೈ ನಿಧಾನಕ್ಕೆ ಸ್ಥಿರವಾಯಿತು. ಅಷ್ಟರಲ್ಲಿ ಗಂಡ ಇನ್ನೊಂದು ಮದುವೆಯಾಗಿದ್ದ. ಅವಳು ಈಗಲೂ ತಿಂಗಳಿಗೊಮ್ಮೆ ಬರುತ್ತಾಳೆ. "ಹ್ಯಾಂಗದೀಯವ್ವಾ?" ಎಂದು ರಮಾಬಾಯಿ ಕೇಳಿದರೆ, "ಚಲೋ ಅದೀನ್ರಿ" ಎಂದಷ್ಟೇ ಹೇಳಿ, ಅವಳ ಮುಖ ನೋಡದೆ ಗುಳಿಗೆ ತೆಗೆದುಕೊಂಡು ಹೋಗುತ್ತಾಳೆ.