ಮೋಡ ಒಡೆಯುವ ಗಂಟೆ

"ಚಾವಿ ಎಲ್ಲಿಟ್ಟಿದೀಯ, ಬೊಗಳೋ!" ಎನ್ನುತ್ತ ಸೆಬಾಲ್ಡ್, ಕೊರ್ಬಿನಿಯನ್‌ನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಗೋಡೆಯ ಹಲಗೆಯ ಮೇಲಿದ್ದ ತಟ್ಟೆಗಳು ಉರುಳಿ ಒಡೆದವು. ಕೊರ್ಬಿನಿಯನ್ ಬಾಯಿ ಬಿಡಲಿಲ್ಲ. ಅವನ ಹೆಂಡತಿ ಬುರ್ಗಿ ಒಲೆಯ ಪಕ್ಕದಲ್ಲಿ ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸಿನ ಪೀಪಾಯಿಗೆ ಬೆನ್ನು ಒತ್ತಿ ನಿಂತಿದ್ದಳು. ಗಂಟೆಗೋಪುರದ ಚಾವಿ ಇದ್ದದ್ದು ಅದರೊಳಗೇ, ಕೋಸಿನ ತಳದಲ್ಲಿ. ಬೆಳಿಗ್ಗೆ ಅವಳೇ ಹುದುಗಿಸಿಟ್ಟಿದ್ದಳು.

ಬಾಗಿಲಲ್ಲಿ, ಅಂಗಳದಲ್ಲಿ, ಬೇಲಿಯಾಚೆ, ಎಲ್ಲೆಲ್ಲೂ ಜನ. ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದಿದ್ದರು. ಕಾಳು ಬಡಿಯುವ ಕೋಲು, ಕವೆಗೋಲು, ಕೊಡಲಿ. ಯಾರೂ ಪರಕೀಯರಲ್ಲ, ಅವಳ ಮದುವೆಯಲ್ಲಿ ಉಂಡು ಕುಣಿದವರೇ. ಅವರ ಹಿಂದೆ, ಪಡುವಣ ಬೆಟ್ಟದ ನೆತ್ತಿಯ ಮೇಲೆ, ಮೋಡ ಕಪ್ಪಿಟ್ಟು ನಿಂತಿತ್ತು. ಅದರ ಅಂಚು ಹಳದಿಯಾಗಿತ್ತು. ಹಳದಿ ಅಂಚೆಂದರೆ ಆಲಿಕಲ್ಲು. ಬಾರ್ಲಿ ತೆನೆ ಬಲಿತು ಬಾಗಿ ನಿಂತಿದೆ. ಇಂದು ಹೋದರೆ ಚಳಿಗಾಲಕ್ಕೆ ರೊಟ್ಟಿಯಿಲ್ಲ.

ಆ ಕಣಿವೆಯಲ್ಲಿ ಮೋಡ ಕವಿದರೆ ಗಂಟೆ ಬಾರಿಸಬೇಕು. ಹಸುಗೂಸಿನ ಹಾಗೆ ಬಿಷಪ್ಪರಿಂದ ದೀಕ್ಷಾಸ್ನಾನ ಮಾಡಿಸಿಕೊಂಡು ಹೆಸರು ಪಡೆದ ಗಂಟೆ ಅದು, ಅನ್ನಾ ಎಂದು. ಅವಳ ದನಿ ಕೇಳಿದರೆ ಮೋಡ ಒಡೆದು ಪಕ್ಕದ ಕಣಿವೆಗೆ ಓಡುತ್ತದೆ ಎಂಬುದು ತಾತನ ತಾತನ ಕಾಲದ ಮಾತು. ಪಕ್ಕದ ಕಣಿವೆಯವರೂ ಅವರ ಗಂಟೆ ಬಾರಿಸಿ ಇತ್ತ ಓಡಿಸುತ್ತಿದ್ದರು, ಅದು ಬೇರೆ ಮಾತು. ಬಾರಿಸಿದವನಿಗೆ ಸುಗ್ಗಿಯಲ್ಲಿ ಮನೆಗೊಂದು ಸಿವುಡು ಬಾರ್ಲಿ ತೆನೆ. ಕೊರ್ಬಿನಿಯನ್‌ನ ಮನೆತನ ಆ ಸಿವುಡು ತಿಂದೇ ಬದುಕಿತ್ತು.

ಈ ವಸಂತದಲ್ಲಿ ರಾಜಧಾನಿ ಮ್ಯೂನಿಕ್‌ನಿಂದ ಆಜ್ಞೆ ಬಂತು. ಗುಡುಗು ಸಿಡಿಲಿನಲ್ಲಿ ಯಾರೂ ಗಂಟೆ ಬಾರಿಸಕೂಡದು. ಪಾದ್ರಿಗಳು ಅದನ್ನು ಕಷಾಯ ಕುಡಿದ ಮುಖದಲ್ಲಿ ಓದಿ ಮುಗಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ ಆ ಮನುಷ್ಯ. ಇವತ್ತು ಬೆಟ್ಟದ ಮೇಲೆ ಮೋಡ ಕಂಡದ್ದೇ ತಡ, ಪಕ್ಕದ ಊರಿನಲ್ಲಿ ಯಾರಿಗೋ ಕೊನೆಗಾಲವೆಂದು ಕತ್ತೆ ಹತ್ತಿ ಹೊರಟುಹೋದರು. ಆ ಊರಿನಲ್ಲಿ ಯಾರಿಗೂ ಶೀತ ಕೂಡ ಆಗಿರಲಿಲ್ಲ.

ಆಜ್ಞೆ ಓದಿದ ದಿನ ಕೊರ್ಬಿನಿಯನ್ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಿದ್ದ. ಅವನ ಅಪ್ಪ ಸತ್ತದ್ದು ಇದೇ ಗಂಟೆಯ ಹಗ್ಗ ಹಿಡಿದು, ಸಿಡಿಲು ಬಡಿದು. ಊರಿನವರನ್ನು ಕಾಯಲು ಹೋಗಿ ಸತ್ತವನನ್ನು ಊರು ಏನೆಂದಿತು? ಒಳಗೊಳಗೇ ಏನೋ ಪಾಪ ಮಾಡಿದ್ದಿರಬೇಕು, ಇಲ್ಲದಿದ್ದರೆ ದೇವರು ತನ್ನ ಗಂಟೆಯ ಕೆಳಗೇ ಹೊಡೆಯುತ್ತಾನೆಯೇ ಎಂದಿತು. ಮಗ ಆ ಮಾತು ಹೊತ್ತುಕೊಂಡೇ ನಡುವಯಸ್ಸಿಗೆ ಬಂದಿದ್ದ. ಈಗ ಮ್ಯೂನಿಕ್‌ನ ಪಂಡಿತರು ಬರೆದು ಕಳಿಸಿದ್ದರು, ಸಿಡಿಲು ಪಾಪ ಪುಣ್ಯ ನೋಡಿ ಬೀಳುವುದಿಲ್ಲ ಎಂದು.

"ಎತ್ತರ, ಕಬ್ಬಿಣ, ಒದ್ದೆ ಹಗ್ಗ. ಅಷ್ಟೇ ಕಣೇ ಬುರ್ಗಿ. ನಮ್ಮಪ್ಪ ಏನೂ ಮಾಡಿರಲಿಲ್ಲ" ಎಂದಿದ್ದ.

"ಹೋಗ್ಲಿ ಬಿಡಿ, ಸತ್ತವರ ಮಾತು ಈಗ್ಯಾಕೆ" ಎಂದಿದ್ದಳು ಬುರ್ಗಿ. ಅವಳಿಗೆ ನಂಬಿಕೆ ಬಂದಿರಲಿಲ್ಲ. ಮಾವ ಏನೋ ಮಾಡಿರಬಹುದು ಎಂದು ಅವಳ ಮನಸ್ಸಿನ ಮೂಲೆಯಲ್ಲೂ ಇತ್ತು.

ಬೆಟ್ಟದಲ್ಲಿ ಗುಡುಗಿತು. ಸೆಬಾಲ್ಡ್ ಊರಿನಲ್ಲೇ ದೊಡ್ಡ ಹೊಲದ ಒಡೆಯ, ಎತ್ತಿನಂಥ ಆಳು. ಅವನು ಕೊರ್ಬಿನಿಯನ್‌ನನ್ನು ಎಳೆದು ಹೊಸ್ತಿಲಿಗೆ ಕೆಡವಿದ. ಯಾರೋ ಬೆನ್ನಿಗೆ ಒದ್ದರು. ಇನ್ಯಾರೋ ಕೋಲಿನಿಂದ ಕಾಲಿಗೆ ಬಾರಿಸಿದರು.

"ಮ್ಯೂನಿಕ್‌ನೋರು ನಿನಗೆ ಸಿವುಡು ಕೊಡ್ತಾರೇನೋ? ನಮ್ಮ ಅನ್ನ ತಿಂದು ನಮಗೇ ಬೀಗ ಹಾಕ್ತೀಯಾ?"

"ಗಂಟೆ ಬಾರಿಸಿದ್ರೆ ಮೋಡ ಹೋಗಲ್ಲ ಕಣ್ರಪ್ಪಾ" ಎಂದ ಕೊರ್ಬಿನಿಯನ್. ಬಾಯಿಂದ ರಕ್ತ ಸೋರುತ್ತಿತ್ತು. "ಹಗ್ಗ ಹಿಡಿದೋನು ಸಾಯ್ತಾನೆ. ನಿಮ್ಮಲ್ಲೇ ಯಾರೋ ಒಬ್ಬ ಸಾಯ್ತೀರ. ನಾನು ಕೊಡಲ್ಲ."

"ಗಂಟೆ ಬಾರಿಸದ ಕೈ ನಿನಗ್ಯಾತಕ್ಕೆ?" ಎಂದು ಸೆಬಾಲ್ಡ್ ಅವನ ಬಲಗೈಯನ್ನು ಹೊಸ್ತಿಲಿನ ಕಲ್ಲಿನ ಮೇಲೆ ಚಾಚಿ ಹಿಡಿಸಿ, ಕೊಡಲಿಯನ್ನು ತಿರುಗಿಸಿ ಅದರ ಹಿಂಬದಿಯಿಂದ ಹೊಡೆದ. ಮೂಳೆ ಮುರಿದ ಸದ್ದು ಒಲೆಯವರೆಗೂ ಕೇಳಿಸಿತು. ಕೊರ್ಬಿನಿಯನ್ ಕೂಗಿದ ಕೂಗು ಮನುಷ್ಯರದ್ದಾಗಿರಲಿಲ್ಲ. ಸೆಬಾಲ್ಡ್ ಮತ್ತೆ ಕೊಡಲಿ ಎತ್ತಿದ.

ಜನರನ್ನು ನೂಕಿಕೊಂಡು ಕ್ವಿರಿನ್ ಒಳಗೆ ಬಂದ. ಬುರ್ಗಿಯ ತಮ್ಮ. ಅವನ ಬಾರ್ಲಿಯೂ ಹೊಲದಲ್ಲಿ ನಿಂತಿತ್ತು.

"ಅಕ್ಕಾ, ಇವರು ಭಾವನ್ನ ಕೊಂದೇ ಬಿಡ್ತಾರೆ. ನನ್ನ ಮಾತು ನಡೀತಿಲ್ಲ. ಎಲ್ಲಿದೆ ಹೇಳು, ನಿನ್ನ ಕಾಲಿಗೆ ಬೀಳ್ತೀನಿ."

"ಕೊಡಬೇಡ ಬುರ್ಗಿ!" ಎಂದು ಹೊಸ್ತಿಲಿನಿಂದ ಗಂಡ ಅರಚಿದ. ಕೊಡಲಿ ಇಳಿಯಿತು. ಈ ಸಲ ಮಣಿಕಟ್ಟು.

ಬುರ್ಗಿ ಮೊಣಕೈವರೆಗೂ ಪೀಪಾಯಿಯಲ್ಲಿ ಕೈ ಹಾಕಿದಳು. ಹುಳಿನೀರು ಸುರಿಯುತ್ತಿದ್ದ ಚಾವಿಯನ್ನು ತೆಗೆದು ತಮ್ಮನ ಅಂಗೈಗೆ ಒತ್ತಿದಳು. "ತಗೊಂಡು ಹಾಳಾಗಿ ಹೋಗಿ! ಕ್ವಿರಿನ್, ನೀನು ಮಾತ್ರ ಹಗ್ಗ ಮುಟ್ಟಬೇಡ ಕಣೋ. ಆಣೆ ಇದೆ."

"ನಾನಲ್ದೆ ಇನ್ಯಾರೇ ಅಕ್ಕ ಎಳೀತಾರೆ ಅದನ್ನ?" ಎಂದು ಕ್ವಿರಿನ್ ಒಂದು ಕ್ಷಣ ನಕ್ಕ. ಅವಳ ಕೆನ್ನೆ ತಟ್ಟಿ ಓಡಿದ. ಆ ಗಂಟೆಯನ್ನು ಒಬ್ಬನೇ ತೂಗುವ ತೋಳು ಕೊರ್ಬಿನಿಯನ್‌ನನ್ನು ಬಿಟ್ಟರೆ ಊರಿನಲ್ಲಿ ಅವನೊಬ್ಬನಿಗೇ ಇತ್ತು.

ಮನೆ ಖಾಲಿಯಾಯಿತು. ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನುಜ್ಜಾದ ಕೈಗೆ ಲಂಗದಂಚಿನ ಬಟ್ಟೆ ಹರಿದು ಸುತ್ತಿದಳು. ಅವನು ಅವಳ ಮುಖ ನೋಡಲಿಲ್ಲ. ಮಳೆ ಶುರುವಾಯಿತು. ಆಮೇಲೆ ಗಂಟೆ ಮೊಳಗತೊಡಗಿತು. ಅಂಗಳದಲ್ಲಿ ಉಳಿದಿದ್ದ ಮುದುಕರು ಟೋಪಿ ತೆಗೆದು ಕೆಸರಿನಲ್ಲೇ ಮಂಡಿಯೂರಿದರು. ಬುರ್ಗಿಗೂ ಎದೆ ಹಗುರಾಯಿತು. ಹುಟ್ಟಿದಾಗಿನಿಂದ ಕೇಳಿದ ದನಿ, ಕಿವಿಗೆ ಬಿದ್ದರೆ ಸಾಕು ಎಲ್ಲ ಸರಿಹೋಯಿತು ಅನ್ನಿಸುವ ದನಿ. ತನ್ನ ತೊಡೆಯ ಮೇಲೆ ಗಂಡ ನರಳುತ್ತಿದ್ದಾನೆ, ತನಗೆ ಸಮಾಧಾನ! ಅವಳಿಗೆ ನಾಚಿಕೆಯಾಯಿತು.

ಆಲಿಕಲ್ಲು ಬಿದ್ದೇ ಬಿದ್ದಿತು, ಕೋಳಿಮೊಟ್ಟೆ ಗಾತ್ರದ್ದು. ಗಂಟೆ ನಿಲ್ಲಲಿಲ್ಲ. ಇನ್ನೂ ಜೋರಾಗಿ ಮೊಳಗಿತು. ಅಷ್ಟರಲ್ಲಿ ಕಿಟಕಿಯೆಲ್ಲ ಬೆಳ್ಳಗಾಗಿ ನೆಲ ನಡುಗಿತು. ಆಮೇಲೆ ಆಲಿಕಲ್ಲಿನ ಸದ್ದೊಂದೇ ಉಳಿಯಿತು.

"ನಿಂತುಹೋಯ್ತು" ಎಂದ ಸೂರಿನಡಿ ಸೇರಿದ್ದ ಮುದುಕನೊಬ್ಬ.

ಬುರ್ಗಿ ಓಡಿದಳು. ಗೋಪುರದ ಬುಡದಲ್ಲಿ ಕ್ವಿರಿನ್ ಅಂಗಾತ ಬಿದ್ದಿದ್ದ. ಬೂಟಿನ ತಳ ಸಿಡಿದು ತೆರೆದುಕೊಂಡಿತ್ತು. ಸುಟ್ಟ ಕೂದಲಿನ ನಾತ. ಬಾಗಿಲಲ್ಲಿ ಸೆಬಾಲ್ಡ್ ಬಾಯಿ ತೆರೆದು ನಿಂತಿದ್ದ. ಅವಳು ಬೀಗದಲ್ಲೇ ಇದ್ದ ಚಾವಿಯನ್ನು ಕಿತ್ತುಕೊಂಡು ಅವನ ಮುಖಕ್ಕೆ ಬೀಸಿದಳು. ಕೆನ್ನೆ ಹರಿದು ಹಲ್ಲು ಕಂಡಿತು. ಮತ್ತೆ ಬೀಸಿದಳು. ನಾಲ್ಕು ಜನ ಸೇರಿ ಹಿಡಿಯುವವರೆಗೂ ಹೊಡೆದಳು. ಅವನು ಕೈ ಎತ್ತಲಿಲ್ಲ.

"ತಡ ಆಯ್ತು" ಎಂದ, ಕೆನ್ನೆ ಒತ್ತಿ ಹಿಡಿದು. "ನಿನ್ನ ಗಂಡ ತಡ ಮಾಡ್ಬಿಟ್ಟ ಬುರ್ಗಿ. ಮುಂಚೇನೇ ಬಾರಿಸಿದ್ದಿದ್ರೆ ಬಾರ್ಲಿನೂ ಉಳೀತಿತ್ತು, ಇವನೂ ಉಳೀತಿದ್ದ." ಊರೆಲ್ಲ ತಲೆಯಾಡಿಸಿತು. ಏನು ಹೇಳೋಣ ಇಂಥ ಜನಕ್ಕೆ!

ಮಣ್ಣು ಮಾಡುವ ದಿನ ಬಿಸಿಲು ಕಾಯುತ್ತಿತ್ತು. ಪಾದ್ರಿಗಳು ಪಕ್ಕದ ಊರಿನಿಂದ ವಾಪಸಾಗಿದ್ದರು. ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡ ಸೆಬಾಲ್ಡ್ ಹೆಣದ ಪೆಟ್ಟಿಗೆಗೆ ಹೆಗಲು ಕೊಡಲು ಬಂದಿದ್ದ. ಸಾವಿನ ಗಂಟೆ ಬಾರಿಸಬೇಕು. ಅದಕ್ಕೆ ಯಾವ ಆಜ್ಞೆಯೂ ಅಡ್ಡಿಯಿಲ್ಲ. ಆದರೆ ಹಗ್ಗದ ಹತ್ತಿರ ಹೋಗಲು ಒಬ್ಬನಿಗೂ ಧೈರ್ಯವಿರಲಿಲ್ಲ. ಕೊರ್ಬಿನಿಯನ್ ಎದ್ದು ಬಂದಿದ್ದ. ಬಲಗೈ ಹಲಗೆಗೆ ಕಟ್ಟಿ ಕೊರಳಿಗೆ ತೂಗುಹಾಕಿತ್ತು.

ಹೆಂಗಸರ ಸಾಲಿನಲ್ಲಿ ಪಿಸುಮಾತು ಎದ್ದಿತು.

"ಒಳ್ಳೆ ಹುಡುಗ ಅಂದ್ಕೊಂಡಿದ್ವಿ. ಒಳಗೆ ಏನು ಮಾಡಿದ್ನೋ ಏನೋ."

"ಸುಮ್ ಸುಮ್ನೆ ದೇವರು ಹೊಡೀತಾನಾ? ಬುರ್ಗಿ ಮಾವನ್ನೂ ಹೀಗೇ ಅಲ್ವಾ ಹೊಡೆದಿದ್ದು."

ಬುರ್ಗಿ ತಿರುಗಿದಳು. ಇದೇ ಮಾತನ್ನು ತಾನೂ ಮನಸ್ಸಿನಲ್ಲಿ ಆಡಿಕೊಂಡಿದ್ದಳಲ್ಲ, ಇಷ್ಟು ವರ್ಷ, ಗಂಡನ ಪಕ್ಕದಲ್ಲೇ ಮಲಗಿ!

"ಎತ್ತರ" ಎಂದಳು, ಸ್ಮಶಾನಕ್ಕೆಲ್ಲ ಕೇಳುವ ಹಾಗೆ. "ಕಬ್ಬಿಣ. ಒದ್ದೆ ಹಗ್ಗ. ನನ್ನ ತಮ್ಮ ಏನೂ ಮಾಡಿರಲಿಲ್ಲ. ಕೇಳಿಸ್ತಾ? ನಮ್ಮ ಮಾವನೂ ಏನೂ ಮಾಡಿರಲಿಲ್ಲ."

ಕೊರ್ಬಿನಿಯನ್ ಅವಳ ಕಡೆ ನೋಡಿದ. ಹೊಸ್ತಿಲ ಮೇಲೆ ಬಿದ್ದ ದಿನದಿಂದ ಅವನು ಅವಳ ಮುಖ ನೋಡಿದ್ದು ಅದೇ ಮೊದಲು.

ಅವಳು ಗೋಪುರದೊಳಗೆ ಹೋದಳು. ಅವನೂ ಹಿಂದೆಯೇ ಬಂದ. ಹಗ್ಗ ನೇತಾಡುತ್ತಿತ್ತು. ಗಂಡಸಿನ ಎದೆಯ ಎತ್ತರದಲ್ಲಿ, ಕ್ವಿರಿನ್ ಹಿಡಿದಿದ್ದ ಕಡೆ, ಎರಡು ಹಿಡಿಯಷ್ಟು ಜಾಗ ಕರಕಲಾಗಿತ್ತು. ಅವಳು ಮೊದಲು ಬೆರಳಿನಿಂದ ಮುಟ್ಟಿ ನೋಡಿದಳು.

"ಒಣಗಿದೆ" ಎಂದಳು.

ಅವನು ಎಡಗೈಯಿಂದ ಹಗ್ಗ ಹಿಡಿದ, ಕರಕಲಿನ ಮೇಲುಗಡೆ. ಅವಳು ಎರಡೂ ಕೈಯಿಂದ ಅದರ ಕೆಳಗೆ ಹಿಡಿದಳು. ಇಬ್ಬರೂ ಒಟ್ಟಿಗೆ ಎಳೆದರು.