ವೇದಿಕೆಯ ಮೇಲಿನವರಿಗೊಂದು ಸೂಚನೆ

ನಾನು ಶ್ರೀಲತಾ. ಕೊರಟಗೆರೆಯ ಹೈಸ್ಕೂಲಿನಲ್ಲಿ ಕನ್ನಡ ಮೇಡಂ, ರಜೆಯಲ್ಲಿ ಕಾರ್ಯಕ್ರಮಗಳ ನಿರೂಪಕಿ. ಮಧುಗಿರಿ ಬೆಟ್ಟದ ಬುಡದ ಮೈದಾನದಲ್ಲಿ ಬೇಸಿಗೆ ಸಂಗೀತೋತ್ಸವ ಮಾಡುತ್ತಿದ್ದೇವೆ, ಮೈಕಿಗೆ ನೀವೇ ಬೇಕು ಎಂದು ಸ್ವಾಗತ ಸಮಿತಿ ಅಧ್ಯಕ್ಷ ಶಂಕರಲಿಂಗಪ್ಪನವರು ಫೋನು ಮಾಡಿದಾಗ ಎರಡನೇ ಮಾತಾಡದೆ ಒಪ್ಪಿಕೊಂಡೆ. ನನ್ನ ಮಗಳು ಶರಣ್ಯಾ ಅಲ್ಲಿ ಮಕ್ಕಳ ಸಮೂಹಗಾನದಲ್ಲಿ ಹಾಡುವವಳಿದ್ದಳು. ಅಧ್ಯಕ್ಷರ ಮೊಮ್ಮಗಳು ಭುವನಾ ಕೂಡ ಅದೇ ಗುಂಪಿನಲ್ಲಿದ್ದಳು.

ಸುರಕ್ಷತೆಯ ಸೂಚನೆಗಳನ್ನು ಓದುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಸಂಜೆ ಎಂದು ಹೆಸರಿಗೆ, ಬಿಸಿಲು ಮಾತ್ರ ನೆತ್ತಿ ಸುಡುತ್ತಿತ್ತು. ನೀರು ಕುಡಿಯುತ್ತಿರಿ, ನೆರಳಿನಲ್ಲಿರಿ, ಸ್ಪೀಕರಿನ ಹತ್ತಿರ ಕೂರುವವರು ಕಿವಿಗೆ ಹತ್ತಿ ಇಟ್ಟುಕೊಳ್ಳಿ, ನೂಕುನುಗ್ಗಲು ಮಾಡಬೇಡಿ ಎಂದು ಗಂಟಲು ಹರಿಯುವಂತೆ ಹೇಳಿದೆ. ಹಾಡುವ ಮಕ್ಕಳ ಕಿವಿಗೆ ನಾನೇ ಕೈಯಾರೆ ಹತ್ತಿ ಇಟ್ಟೆ. ಮೈದಾನದ ಜನ ಹೇಳಿದ ಮಾತು ಕೇಳಿದರು ಪಾಪ. ನೂಕುನುಗ್ಗಲು ಶುರುವಾದದ್ದು ವೇದಿಕೆಯ ಮೇಲೆ.

ನಮ್ಮ ಕಡೆ ಸನ್ಮಾನ ಮುಗಿಯದೆ ಹಾಡು ಶುರುವಾಗುವುದಿಲ್ಲ. ನಾಲ್ಕು ತಾಲ್ಲೂಕಿನ ಉತ್ಸವ ಎಂದ ಮೇಲೆ ಕೇಳಬೇಕೆ? ಶಿರಾದವರು ಐದು ಜನ ಹತ್ತಿದರೆಂದು ಪಾವಗಡದವರು ಆರು ಜನ ಹತ್ತಿದರು. ಕೊರಟಗೆರೆಯವರೇನು ಕಮ್ಮಿಯೇ? ಮಧುಗಿರಿಯವರಂತೂ ಊರೇ ನಮ್ಮದು ಎಂದು ಸಾಲುಗಟ್ಟಿ ಹತ್ತಿದರು. ಆ ಸೆಕೆಯಲ್ಲಿ ಒಬ್ಬೊಬ್ಬರಿಗೂ ದಪ್ಪನೆಯ ಶಾಲು, ಪೇಟ, ಹಣ್ಣಿನ ಬುಟ್ಟಿ. ಸನ್ಮಾನ ಆದವರು ಇಳಿಯಬೇಕಲ್ಲ? ಇಳಿದರೆ ಮರ್ಯಾದೆ ಏನಾಗಬೇಕು! ಕುರ್ಚಿ ಸಾಲದೆ ಹಿಂದೆ ನಿಂತರು. ಹಾಡುವ ಮಕ್ಕಳಿಗೆಂದು ಹಾಕಿದ್ದ ಶಾಮಿಯಾನವನ್ನೂ ಗಣ್ಯರ ಕಾಫಿ-ತಿಂಡಿಗೆ ಕಿತ್ತುಕೊಂಡಿದ್ದರು.

ಪಾವಗಡದ ಚಿಕ್ಕರಂಗಯ್ಯನವರಿಗೆ ಶಾಲು ಹೊದಿಸುವ ಹೊತ್ತಿಗೆ ನನ್ನ ಕಾಲಡಿಯ ಹಲಗೆ ಕಿರ್ರೆಂದಿತು. ವೇದಿಕೆಯ ಅಂಚನ್ನು ಕೆಳಗಿನಿಂದ ಯಾರೋ ತಟ್ಟಿದರು. ಬಗ್ಗಿ ನೋಡಿದರೆ ವೇದಿಕೆ ಕಟ್ಟಿದ ಅಂಜನ್ ಕುಮಾರ್, ನನ್ನ ಹಳೆಯ ವಿದ್ಯಾರ್ಥಿ.

"ಮಿಸ್, ಇದು ಇಪ್ಪತ್ತು ಜನಕ್ಕೆ ಕಟ್ಟಿರೋದು. ನಡುವಿನ ಕಂಬ ವಾಲ್ಕಂಡವೆ. ಇವ್ರನ್ನ ಇಳಿಸಿ ಮಿಸ್. ಒಟ್ಟಿಗೆ ಬ್ಯಾಡ, ಎಲ್ರೂ ಮೆಟ್ಲಿಗೆ ನುಗ್ಗಿದ್ರೆ ಪೂರ್ತಿ ಮಕಾಡೆ ಮಲಗ್ತದೆ."

"ಹಾಡೋ ಮಕ್ಳೆಲ್ಲೋ?"

ಅವನು ವೇದಿಕೆಯ ಅಡಿಗೆ ಬೆರಳು ತೋರಿಸಿದ. "ನೀವೇ ನೆರಳಲ್ಲಿರಿ ಅಂದ್ರಲ್ಲ ಮಿಸ್."

ಇಡೀ ಮೈದಾನದಲ್ಲಿ ಆ ಮಕ್ಕಳಿಗೆ ಉಳಿದಿದ್ದ ನೆರಳು ಅದೊಂದೇ. ಮೆಟ್ಟಿಲ ಹಿಂದಿನ ಸಂದಿಯಿಂದ ನುಸುಳಿ ಒಳಗೆ ಕೂತಿದ್ದರು. ಆ ಸಂದಿಯನ್ನು ಈಗ ಮೇಲೆ ಹತ್ತಲು ಕಾಯುವವರು ಮುಚ್ಚಿಬಿಟ್ಟಿದ್ದರು. ಉಳಿದ ಮೂರು ಕಡೆಗೂ ಶಂಕರಲಿಂಗಪ್ಪನವರು ಕೈಮುಗಿದು ನಗುತ್ತಿರುವ ಫ್ಲೆಕ್ಸನ್ನು ತಂತಿ ಬಿಗಿದು ಕಟ್ಟಿದ್ದರು. ಕೂಗೋಣವೆಂದರೆ ಮಕ್ಕಳ ಕಿವಿ ತುಂಬ ನಾನೇ ಇಟ್ಟ ಹತ್ತಿ. ನನ್ನ ಮಗಳು ಕೆಳಗೆ, ಅವಳ ನೆತ್ತಿಯ ಮೇಲೆ ನಾಲ್ಕು ತಾಲ್ಲೂಕಿನ ಭಾರ, ಅದರಲ್ಲಿ ನಾನೂ ಒಬ್ಬಳು.

"ಫ್ಲೆಕ್ಸ್ ಹರಿ," ಎಂದೆ.

"ಅಧ್ಯಕ್ಷರ ಮಖ ಐತೆ ಮಿಸ್! ಆಮೇಲೆ ನನ್ನ ಸುಮ್ಕೆ ಬುಟ್ಟಾರಾ?"

"ಮಖಾನೇ ಹರಿ ಕಣ್ಲಾ! ನಾನ್ ನೋಡ್ಕತೀನಿ."

ಮೈಕಿಗೆ ಬಂದೆ. "ಗಣ್ಯರ ಗಮನಕ್ಕೆ! ನಾಳೆಯ ಪತ್ರಿಕೆಗಾಗಿ ಒಬ್ಬೊಬ್ಬರದೇ ಫೋಟೋ ತೆಗೆಯಲು ಗೇಟಿನ ಬಳಿ ಫೋಟೋಗ್ರಾಫರ್ ಕಾಯುತ್ತಿದ್ದಾರೆ. ಹೆಸರು ಕರೆದವರು ಮಾತ್ರ ಇಳಿಯತಕ್ಕದ್ದು."

ಯಾವ ಫೋಟೋಗ್ರಾಫರ್? ಬಾಯಿಗೆ ಬಂದದ್ದು ಹೇಳಿದ್ದೆ. ಆದರೆ ಮೆಟ್ಟಿಲ ಬಳಿ ಕಾದಿದ್ದವರು ಅಷ್ಟಕ್ಕೇ ಗೇಟಿನ ಕಡೆ ಓಡಿದರು. ಮೇಲಿದ್ದವರ ಕಷ್ಟವೇ ಬೇರೆ: ತಮ್ಮ ಬಿರುದುಗಳನ್ನು ಪೂರ್ತಿ ಓದುವ ತನಕ ಒಬ್ಬರೂ ಕದಲುವವರಲ್ಲ. ಸಮಾಜಸೇವಕರು, ಕೊಡುಗೈ ದಾನಿಗಳು, ಯುವಕರ ಕಣ್ಮಣಿ ಎಂದು ಒಂದೇ ಉಸಿರಿನಲ್ಲಿ ಓದುತ್ತ ಹೋದೆ. ಒಬ್ಬೊಬ್ಬರು ಇಳಿದಾಗಲೂ ಹಲಗೆ ನರಳುತ್ತಿತ್ತು.

ಚಿಕ್ಕರಂಗಯ್ಯನವರು ಮೆಟ್ಟಿಲ ತುದಿಯಲ್ಲಿ ನಿಂತೇಬಿಟ್ಟರು. "ಏಮಮ್ಮಾ, ಕಲಾಪೋಷಕ ಅಂತ ಅನ್ಲೇ ಇಲ್ವಲ್ಲಮ್ಮ ನೀನು?"

"ಕಲಾಪೋಷಕರೂ ಹೌದು, ಕಲಾತಪಸ್ವಿಗಳೂ ಹೌದು, ಇಳೀರಿ ಸ್ವಾಮಿ!"

ಅಷ್ಟರಲ್ಲಿ ಕೆಳಗೆ ಅಂಜನ್ ಚಾಕು ಹಾಕಿದ್ದ. ಮೂಗಿನಿಂದ ಗದ್ದದವರೆಗೆ ಸರ್ರನೆ ಸೀಳಿದ. ಅಧ್ಯಕ್ಷರ ನಗುವ ಬಾಯಿಂದ ಮಕ್ಕಳು ಒಬ್ಬೊಬ್ಬರಾಗಿ ಹೊರಬಿದ್ದರು. ಜನ ಇದೂ ಒಂದು ಕಾರ್ಯಕ್ರಮ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮೇಲೆ ನಾನು ಬಿರುದುಗಳನ್ನೆಲ್ಲ ಓದಿ ಮುಗಿಸುವ ಹೊತ್ತಿಗೆ ಕೊನೆಗೆ ಬಂದವಳು ಶರಣ್ಯಾ. ನಾನು ಮೈಕು ಬಿಟ್ಟು ಅಂಚಿನಿಂದಲೇ ಕೆಳಗೆ ಜಿಗಿದು ಅವಳನ್ನು ಅವುಚಿಕೊಂಡೆ. ಅಳು ಬಂತು, ತಡೆಯಲಿಲ್ಲ.

"ಯಾಕಮ್ಮಾ? ನಮ್ ಸರದಿ ಬಂತಾ?" ಎಂದಳು.

ಈಗ ವೇದಿಕೆಯ ಮೇಲೆ ಉಳಿದದ್ದು ಶಂಕರಲಿಂಗಪ್ಪನವರು, ಸೋಫಾ, ಹಂಚಿ ಉಳಿದ ಶಾಲಿನ ರಾಶಿ. "ಇಳೀರಿ ಸಾರ್, ಕಂಬ ವಾಲಿದೆ!" ಎಂದು ಕೂಗಿದೆ.

"ಅಧ್ಯಕ್ಷ ಆದೋನು ಸಭೆ ಮುಗೀದೆ ಇಳಿಯೋದುಂಟೇನಮ್ಮ?" ಎಂದು ಕಾಲಮೇಲೆ ಕಾಲು ಹಾಕಿದರು. ಅಷ್ಟರಲ್ಲಿ ಯಾರೋ ಫ್ಲೆಕ್ಸಿನ ಸುದ್ದಿ ಹೇಳಿದರು. "ಯಾವನ್ಲಾ ಅವನು ನನ್ನ ಮಖ ಹರಿದೋನು!" ಎಂದು ದಡಕ್ಕನೆ ಎದ್ದರು. ಹಲಗೆ ಮುರಿಯಿತು. ಮೊದಲು ಶಾಲುಗಳು ಹೋದವು, ಅವುಗಳ ಮೇಲೆ ಅಧ್ಯಕ್ಷರು ಹೋದರು.

ಸ್ವಲ್ಪ ಹೊತ್ತಿಗೆ ಹರಿದ ಫ್ಲೆಕ್ಸು ಅಲುಗಾಡಿತು. ಮೊದಲು ಪೇಟ, ಆಮೇಲೆ ಮೀಸೆ, ಆಮೇಲೆ ಅಂಬೆಗಾಲಿಕ್ಕುತ್ತ ಶಂಕರಲಿಂಗಪ್ಪನವರು ತಮ್ಮ ಬಾಯಿಂದ ತಾವೇ ಹೊರಬಂದರು. ಶಾಲುಗಳ ದಯೆಯಿಂದ ಮೈಗೆ ಏಟಾಗಿರಲಿಲ್ಲ. ಚಾಕು ಹಿಡಿದು ನಿಂತಿದ್ದ ಅಂಜನ್‌ನ ಮೇಲೆ ಕೈ ಎತ್ತಿಕೊಂಡೇ ಎದ್ದರು.

ಭುವನಾ ಓಡಿಬಂದು ಎತ್ತಿದ ಆ ಕೈಯನ್ನೇ ಹಿಡಿದುಕೊಂಡಳು. "ತಾತಾ, ನಾನೂ ಇಲ್ಲಿಂದ್ಲೇ ಬಂದೆ! ನೀನ್ ಬಿದ್ಯಲ್ಲ, ಅಲ್ಲೇ ಕೂತಿದ್ವಿ ಎಲ್ರೂ."

ಶಂಕರಲಿಂಗಪ್ಪನವರು ಬಗ್ಗಿ ಒಳಗೆ ನೋಡಿದರು. ಮುರಿದ ಹಲಗೆಯ ಕೆಳಗೆ ಮಕ್ಕಳ ನೀರಿನ ಬಾಟಲಿಗಳು ಅಪ್ಪಚ್ಚಿಯಾಗಿ ಬಿದ್ದಿದ್ದವು. ಮೊಮ್ಮಗಳ ತಲೆ, ಭುಜ, ಬೆನ್ನು ಮುಟ್ಟಿಮುಟ್ಟಿ ನೋಡಿದರು. ಆಮೇಲೆ ಮೈಮೇಲಿನ ಶಾಲು ತೆಗೆದು ನೆಲಕ್ಕೆ ಹಾಸಿದರು.

"ಇಲ್ಲೇ ಹಾಡ್ರವ್ವಾ," ಎಂದು ತಾವೂ ಮಣ್ಣಿನಲ್ಲೇ ಕೂತರು.

ಮಕ್ಕಳು ಹಾಡಿದರು. ಗೇಟಿನ ಬಳಿ ನಾಲ್ಕು ತಾಲ್ಲೂಕಿನವರು ಪೇಟ ಸರಿಮಾಡಿಕೊಳ್ಳುತ್ತ ಫೋಟೋಗ್ರಾಫರನಿಗೆ ಕಾಯುತ್ತಲೇ ಇದ್ದರು. ಹಾಡು ಮುಗಿಯುವ ತನಕ ಅವರಿಗೆ ಯಾರೂ ಏನೂ ಹೇಳಲಿಲ್ಲ.