ಚಿಕ್ಕ ಗ್ರೈಂಡರಿಗೆ ದೊಡ್ಡ ಡಿಸ್ಕು

"ಹೊಸದರ ಹಾಗೇ ಇದೆ ನೋಡಿ ಅತ್ತೆ!"

ಹಳೇ ಸಾಮಾನಿನ ಅಂಗಡಿಯಲ್ಲಿ ಅಳಿಯ ಗ್ರೈಂಡರನ್ನು ಎತ್ತಿ ಹಿಡಿದಿದ್ದ. ಕಬ್ಬಿಣ ಕೊಯ್ಯುವ ಯಂತ್ರವನ್ನು ಗಿಲಕಿಯಂತೆ ಕಿವಿಯ ಹತ್ತಿರ ಅಲ್ಲಾಡಿಸಿಯೂ ನೋಡಿದ. ಗ್ರಿಲ್ಲಮ್ಮ ಮುಖ ತಿರುಗಿಸಿದಳು. ಮೂವತ್ತು ವರ್ಷ ಕಿಟಕಿ ಗ್ರಿಲ್ಲಿನ ಶೆಡ್ಡು ನಡೆಸಿ ಆ ಅಡ್ಡಹೆಸರು ಸಂಪಾದಿಸಿದವಳು ಅವಳು. ಮೊಬೈಲಿನಲ್ಲಿ ನಾಲ್ಕು ವೀಡಿಯೊ ನೋಡಿ ಕಸುಬುದಾರನಾದ ಈ ಗುಮಾಸ್ತನ ಜೊತೆ ಬಂದದ್ದೇ ಅವಮಾನ ಅನ್ನಿಸಿತ್ತು.

"ಗಾರ್ಡ್ ಎಲ್ಲಪ್ಪಾ?" ಎಂದಳು ಅಂಗಡಿಯವನಿಗೆ. ಗರಗರ ತಿರುಗಿ ಕೊಯ್ಯುವ ಡಿಸ್ಕಿನ ಮೇಲೆ ಇರಬೇಕಾದ ತಗಡಿನ ಕವಚವೇ ಇರಲಿಲ್ಲ.

"ಅದು ಕೈಗೆ ಅಡ್ಡ ಬರುತ್ತಮ್ಮಾ. ಇಲ್ದಿದ್ರೇ ಕೆಲ್ಸ ಸಲೀಸು."

"ಕೈಯೇ ಇಲ್ದಿದ್ರೆ ಇನ್ನೂ ಸಲೀಸು."

ಅಂಗಡಿಯವನು ಹಲ್ಲು ಕಿರಿದ. ಅಳಿಯನೂ ಅವನ ಜೊತೆ ಸೇರಿಕೊಂಡು ನಕ್ಕ. "ನಿಮ್ಮ ಕಾಲ ಬೇರೆ ಅತ್ತೆ. ಸ್ವಲ್ಪ ಸುಮ್ನಿರಿ, ನಾನು ನೋಡ್ಕೋತೀನಿ."

"ಆಗಲಿ ಅಳಿಯಂದಿರೇ. ನೀವೇ ನೋಡ್ಕೊಳ್ಳಿ."

ದೊಡ್ಡ ಡಿಸ್ಕು ತುರುಕಲೆಂದೇ ಆ ಚಿಕ್ಕ ಮೆಷಿನ್ನಿನ ಗಾರ್ಡು ಕಿತ್ತಿದ್ದಾರೆ, ಅದರ ವಿಪರೀತ ವೇಗವನ್ನು ಈ ಡಿಸ್ಕು ತಡೆಯುವುದಿಲ್ಲ ಎಂಬುದು ಅವಳಿಗೆ ಒಂದೇ ನೋಟಕ್ಕೆ ತಿಳಿದಿತ್ತು. ಡಿಸ್ಕಿನ ಅಂಚು ತೇವ ಹಿಡಿದು ಬಲ ಕಳೆದುಕೊಂಡ ಗುರುತೂ ಕಂಡಿತ್ತು. ಆದರೂ ಬಾಯಿ ಬಿಡಲಿಲ್ಲ. ಒಂದು ಸಲ ಬೆವರಿಳಿಯಲಿ, ಆಗ ಈ ಪಂಡಿತನಿಗೆ ಬುದ್ಧಿ ಬರುತ್ತದೆ ಎಂದುಕೊಂಡಳು.

ಮನೆಗೆ ಬಂದವನೇ ಅಳಿಯ ಹಿತ್ತಲಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆಂದು ತಂದ ಪೈಪನ್ನು ಪಾದದಡಿ ಒತ್ತಿ ಹಿಡಿದಿದ್ದ. ಅಂಗಿಯ ತೋಳು ಜೋತಾಡುತ್ತಿತ್ತು. ಕಣ್ಣಿನ ರಕ್ಷಣೆಗೆ ಪೇಪರ್ ಓದುವ ಕನ್ನಡಕ! ಗ್ರಿಲ್ಲಮ್ಮ ಬಾವಿಕಟ್ಟೆಯ ಮೇಲೆ ಕೂತು, ಕಾಸು ಕೊಡದೆ ನಾಟಕ ನೋಡುವವಳ ಹಾಗೆ ಸೆರಗು ಸರಿಮಾಡಿಕೊಂಡಳು.

ಆಗ ಮಗಳು ಅಡುಗೆಮನೆಯ ಬಾಗಿಲಿಗೆ ಬಂದಳು. ಗಂಡನ ಕೈಚಳಕ ನೋಡಲು ಚೌಕಟ್ಟಿಗೆ ಒರಗಿ ನಿಂತಳು. ಸರಿಯಾಗಿ ಡಿಸ್ಕಿನ ನೇರಕ್ಕೆ.

ಗ್ರಿಲ್ಲಮ್ಮ ಕಟ್ಟೆಯಿಂದ ಧಡಕ್ಕನೆ ಎದ್ದಳು. "ಏಯ್, ಅಲ್ಲಿಂದ ಸರಿಯೇ! ಆಚೆ ಸರಿ! ಅಳಿಯಂದ್ರೇ, ಬೇಡ, ಹಚ್ಚಬೇಡಿ!"

ಮಗಳು ಬೆಚ್ಚಿ ಪಕ್ಕಕ್ಕೆ ಹಾರಿದಳು. ಅತ್ತೆಯ ಕೂಗಾಟಕ್ಕೆ ರೇಗಿದ ಅಳಿಯ ಬೇಕೆಂದೇ ಸ್ವಿಚ್ಚು ಒತ್ತಿದ. ಮೆಷಿನ್ನು ಕಿರುಚಿತು, ಪೈಪಿಗೆ ಮುಟ್ಟಿಸುವ ಮೊದಲೇ ಡಿಸ್ಕು ಪಟಾರೆಂದು ಸಿಡಿಯಿತು.

ಗ್ರೈಂಡರು ಅವನ ಕೈಯಿಂದ ಜಾರಿ ಬಿತ್ತು. ಗ್ರಿಲ್ಲಮ್ಮ ಓಡಿ ಪ್ಲಗ್ಗು ಕಿತ್ತಳು. ಅಳಿಯನ ಕಿವಿಯ ಮೇಲೆ ರಕ್ತದ ಗೆರೆ ಮೂಡಿತ್ತು. ಡಿಸ್ಕಿನ ಒಂದು ಚೂರು ಬಾಗಿಲಿನ ಚೌಕಟ್ಟಿನಲ್ಲಿ, ಮಗಳ ಕತ್ತಿನ ಎತ್ತರಕ್ಕೆ, ನೆಟ್ಟುಕೊಂಡಿತ್ತು.

ಅಳಿಯ ಕೂತಲ್ಲಿಂದಲೇ ತಲೆಯೆತ್ತಿದ.

"ಅತ್ತೆ... ನಿಮಗೆ ಅಂಗಡೀಲೇ ಗೊತ್ತಿತ್ತಾ?"

ಅವನ ಮುಖದಲ್ಲಿ ನಗುವಂಥದ್ದೇನೂ ಉಳಿದಿರಲಿಲ್ಲ. ಅವಳು ಮಗಳ ಕಡೆ ನೋಡಿದಳು.

"ಗೊತ್ತಿತ್ತು," ಎಂದಳು.

ಮಗಳು ಬೆನ್ನು ತಿರುಗಿಸಿ, ಚೌಕಟ್ಟಿನಲ್ಲಿದ್ದ ಚೂರನ್ನು ಎರಡು ಉಗುರುಗಳಲ್ಲಿ ಹಿಡಿದು ಎಳೆಯತೊಡಗಿದಳು. ಅದು ಅಲುಗಲಿಲ್ಲ. ಇಕ್ಕಳ ತಂದುಕೊಡಬೇಕೆಂದು ಗ್ರಿಲ್ಲಮ್ಮನಿಗೆ ಅನ್ನಿಸಿತು. ಆದರೆ ಕಿತ್ತ ಪ್ಲಗ್ಗನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದಳು.